ಉಕ್ತಲೇಖನದ ಯಂತ್ರವೂ ಆಡಿದವನ ಮಾತೂ

ವಕೀಲರ ಕಚೇರಿಗಳಲ್ಲಿಯೂ, ದೊಡ್ಡ ಆಸ್ಪತ್ರೆಗಳಲ್ಲಿಯೂ, ಲೆಕ್ಕಪರಿಶೋಧಕರ ಕೊಠಡಿಗಳಲ್ಲಿಯೂ ಈಗ ಹೊಸ ಬಗೆಯ ಗುಮಾಸ್ತನೊಬ್ಬನು ಬಂದು ಕುಳಿತಿರುವನು. ಅವನಿಗೆ ರಜೆ ಬೇಡ, ನಿದ್ರೆ ಬೇಡ; ಯಜಮಾನರು ಎಷ್ಟು ವೇಗವಾಗಿ ಮಾತನಾಡಿದರೂ ‘ಸ್ವಲ್ಪ ನಿಲ್ಲಿಸಿ, ಸ್ವಾಮಿ’ ಎಂದು ಅವನು ಕೇಳಿಕೊಳ್ಳುವುದಿಲ್ಲ. ಈತನು ಮನುಷ್ಯನಲ್ಲ, ಆಡಿದ ಮಾತನ್ನು ಕೇಳಿ ಅಕ್ಷರಕ್ಕಿಳಿಸುವ ಉಕ್ತಲೇಖನದ ಸಾಫ್ಟ್‌ವೇರ್. ಇದನ್ನು ವ್ಯಾಪಾರದ ಒಂದು ಸರಕೆಂದು ಮಾತ್ರ ತಿಳಿದು, ಬೆಲೆಯನ್ನು ವಿಚಾರಿಸಿ ಸುಮ್ಮನಾಗುವುದು ಉಚಿತವಲ್ಲವೆಂದು ನಮ್ಮ ಅಭಿಪ್ರಾಯ. ಕಕ್ಷಿಗಾರನ ಆಸ್ತಿ, ರೋಗಿಯ ಪ್ರಾಣ, ಸಾಕ್ಷಿದಾರನ ಮಾನ ಇವೆಲ್ಲವೂ ಇನ್ನು ಮುಂದೆ ಈ ಗುಮಾಸ್ತನು ಏನನ್ನು ಕೇಳಿ ಏನನ್ನು ಬರೆದನೆಂಬುದನ್ನು ಬಹುಮಟ್ಟಿಗೆ ಅವಲಂಬಿಸಿರುವುವು. ಆದಕಾರಣ ಈ ವಿಷಯವನ್ನು ವಾಚಕರ ಮುಂದೆ ವಿಸ್ತಾರವಾಗಿಯೇ ಇಡಬಯಸುತ್ತೇವೆ.

ಮಾತನ್ನು ಯಂತ್ರದ ವಶಕ್ಕೆ ಒಪ್ಪಿಸಬೇಕೆಂಬ ಹಂಬಲವು ಇಂದಿನದಲ್ಲ. 1837ರಲ್ಲಿ ಐಸಾಕ್ ಪಿಟ್‌ಮನ್ ಎಂಬ ಆಂಗ್ಲೇಯನು ತನ್ನ ಶೀಘ್ರಲಿಪಿಯನ್ನು ಪ್ರಕಟಿಸಿದನು. ಅನಂತರ ಒಂದೂವರೆ ಶತಮಾನದ ಕಾಲ ಕಚೇರಿಯ ಬರವಣಿಗೆಯು ಶೀಘ್ರಲಿಪಿಕಾರರ ಸೀಸದಕಡ್ಡಿಯ ತುದಿಯಲ್ಲಿಯೇ ನಡೆಯಿತು. 1877ರಲ್ಲಿ ಅಮೆರಿಕದ ಥಾಮಸ್ ಎಡಿಸನ್ ಧ್ವನಿಯನ್ನು ಹಿಡಿದಿಟ್ಟು ಮರಳಿ ನುಡಿಸುವ ಫೋನೋಗ್ರಾಫನ್ನು ನಿರ್ಮಿಸಿದನು. ಮರುವರ್ಷ ಅದರ ಉಪಯೋಗಗಳನ್ನು ಎಣಿಸಿ ಬರೆದ ಲೇಖನದಲ್ಲಿ, ಶೀಘ್ರಲಿಪಿಕಾರನ ಸಹಾಯವಿಲ್ಲದೆ ಪತ್ರಗಳನ್ನು ಹೇಳಿ ಬರೆಯಿಸುವುದನ್ನೇ ಆತನು ಮೊದಲನೆಯದಾಗಿ ಇಟ್ಟನು. ಸಂಗೀತಕ್ಕೆ ದೊರೆತದ್ದು ಅನಂತರದ ಸ್ಥಾನ. 1907ರಲ್ಲಿ ‘ಡಿಕ್ಟಫೋನ್’ ಎಂಬ ವ್ಯಾಪಾರನಾಮವು ಹುಟ್ಟಿತು. ಮೇಣದ ಉರುಳೆ ಹೋಗಿ ಕಾಂತೀಯ ಟೇಪು ಬಂದಿತು. ಟೇಪು ಹೋಗಿ ಅಂಕಿಗಳ ರೂಪದಲ್ಲಿ ಧ್ವನಿಯನ್ನು ಶೇಖರಿಸುವ ಡಿಜಿಟಲ್ ಉಪಕರಣವು ಬಂದಿತು. ಆದರೆ ಇವೆಲ್ಲವೂ ಧ್ವನಿಯನ್ನು ಕಾಯ್ದಿಡುತ್ತಿದ್ದುವೇ ಹೊರತು ತಾವಾಗಿ ಬರೆಯುತ್ತಿರಲಿಲ್ಲ. ಕೇಳಿ ಬರೆಯುವುದಕ್ಕೆ ಮನುಷ್ಯನೇ ಬೇಕಾಗಿದ್ದನು.

ಆ ಕೆಲಸವನ್ನೂ ಯಂತ್ರವೇ ಮಾಡತೊಡಗಿದ್ದು ಈಚಿನ ಸಂಗತಿ. 1962ರಲ್ಲಿ ಐಬಿಎಂ ಕಂಪನಿಯು ಪ್ರದರ್ಶಿಸಿದ ಯಂತ್ರವು 16 ಪದಗಳನ್ನು ಮಾತ್ರ ಗುರುತಿಸುತ್ತಿತ್ತು. ಅವುಗಳಲ್ಲಿ ಹತ್ತು ಬರಿಯ ಅಂಕಿಗಳು. 1997ರಲ್ಲಿ ‘ಡ್ರಾಗನ್ ನ್ಯಾಚುರಲಿ ಸ್ಪೀಕಿಂಗ್’ ಎಂಬ ಸಾಫ್ಟ್‌ವೇರ್ ಬಂದ ಮೇಲೆ, ಪದಕ್ಕೊಮ್ಮೆ ನಿಲ್ಲದೆ ಸಹಜವಾಗಿ ಮಾತನಾಡಿ ಇಂಗ್ಲಿಷಿನಲ್ಲಿ ಬರೆಯಿಸುವುದು ಸಾಮಾನ್ಯ ಕಚೇರಿಗಳಿಗೂ ಸಾಧ್ಯವಾಯಿತು. ಅದೇ ಡ್ರಾಗನ್ ಸಾಫ್ಟ್‌ವೇರಿನ ಒಡೆತನವುಳ್ಳ ನ್ಯುಯಾನ್ಸ್ ಸಂಸ್ಥೆಯನ್ನು 2022ರಲ್ಲಿ ಮೈಕ್ರೋಸಾಫ್ಟ್ ಕಂಪನಿಯು ಸುಮಾರು 1,970 ಕೋಟಿ ಡಾಲರುಗಳಿಗೆ ಕೊಂಡುಕೊಂಡಿತು. ವೈದ್ಯರ ಮತ್ತು ವಕೀಲರ ಮಾತನ್ನು ಬರಹವಾಗಿಸುವ ಉದ್ಯೋಗಕ್ಕೆ ಜಗತ್ತಿನ ಧನಿಕರು ಕಟ್ಟಿರುವ ಬೆಲೆಯೆಂಥದೆಂಬುದು ಇದೊಂದರಿಂದಲೇ ವ್ಯಕ್ತವಾಗುವುದು.

ಈ ವ್ಯವಸ್ಥೆಯು ಕೆಲಸಮಾಡುವ ಬಗೆಯನ್ನು ತಿಳಿಯದೆ ಅದರ ಗುಣದೋಷಗಳನ್ನು ವಿಚಾರಿಸುವುದು ನ್ಯಾಯವಲ್ಲ. ವಕೀಲನು ತನ್ನ ಮೊಬೈಲ್ ಫೋನಿಗೋ ಮೈಕಿಗೋ ಅರ್ಜಿಯ ಒಕ್ಕಣೆಯನ್ನು ಹೇಳುವನು. ಆ ಧ್ವನಿಯು ಗೂಢಲಿಪಿಯಲ್ಲಿ ಬದ್ಧವಾಗಿ ಕಂಪನಿಯ ಸರ್ವರನ್ನು ಸೇರುವುದು. ಅಲ್ಲಿ ಯಂತ್ರವು ಕರಡನ್ನು ಸಿದ್ಧಪಡಿಸುವುದು. ಕರಡು ಸರತಿಯ ಪ್ರಕಾರ, ಅವಸರದ ಕೆಲಸವಾದರೆ ಸರತಿಯನ್ನು ಮೀರಿ, ಬೆರಳಚ್ಚುಗಾರನ ಮುಂದೆ ಬರುವುದು. ಅವನು ಮೂಲ ಧ್ವನಿಯನ್ನು ಕೇಳುತ್ತಾ, ಕಾಲಬಳಿಯ ಪೆಡಲನ್ನು ಒತ್ತಿ ಹಿಂದೆ ಮುಂದೆ ಸರಿಸುತ್ತಾ, ತಪ್ಪುಗಳನ್ನು ತಿದ್ದುವನು. ಅನಂತರ ಕರಡು ವಕೀಲನ ಬಳಿಗೆ ಮರಳಿ, ಅವನ ಒಪ್ಪಿಗೆ ಪಡೆದು, ಆಯಾ ಪ್ರಕರಣದ ಕಡತವನ್ನು ಸೇರುವುದು. ಯಾವ ಕರಡು ಯಾರ ಬಳಿ ಎಷ್ಟು ಹೊತ್ತು ನಿಂತಿತ್ತೆಂಬ ಲೆಕ್ಕವೂ ಉಳಿಯುವುದು. ಇದು ಸುವ್ಯವಸ್ಥಿತವಾದ ಕ್ರಮವೆಂಬುದರಲ್ಲಿ ಸಂದೇಹವಿಲ್ಲ. ಹಗಲೆಲ್ಲ ರೋಗಿಗಳನ್ನು ನೋಡಿ ದಣಿದ ವೈದ್ಯನು ರಾತ್ರಿ ಕುಳಿತು ಟಿಪ್ಪಣಿ ಬರೆಯುವ ಕಷ್ಟವು ಇದರಿಂದ ತಪ್ಪುವುದಾದರೆ, ನ್ಯಾಯಾಲಯದಲ್ಲಿ ಬೆರಳಚ್ಚುಗಾರರಿಲ್ಲದೆ ವಿಚಾರಣೆ ಮುಂದಕ್ಕೆ ಹೋಗುವ ಅವಸ್ಥೆಯು ಕಡಿಮೆಯಾಗುವುದಾದರೆ, ನಾವು ಇದನ್ನು ಹರ್ಷದಿಂದಲೇ ಸ್ವಾಗತಿಸುತ್ತೇವೆ.

ಆದರೆ ಸ್ವಾಗತಿಸುವವರು ಷರತ್ತನ್ನೂ ಹೇಳತಕ್ಕದ್ದು. ವ್ಯಾಸರು ಭಾರತವನ್ನು ಹೇಳಿ ಗಣಪತಿಯು ಬರೆದ ಕಥೆಯನ್ನು ನಮ್ಮಲ್ಲಿ ಕೇಳದವರಿಲ್ಲ. ಎಲ್ಲಿಯೂ ತಡೆಯದೆ ಹೇಳಬೇಕೆಂದು ಗಣಪತಿಯು ಕಟ್ಟಳೆ ಹಾಕಿದನು. ಅರ್ಥವನ್ನು ಗ್ರಹಿಸದೆ ಒಂದಕ್ಷರವನ್ನೂ ಬರೆಯಕೂಡದೆಂದು ವ್ಯಾಸರು ಪ್ರತಿಯಾಗಿ ಕಟ್ಟಳೆ ಹಾಕಿದರು. ಇಂದಿನ ಯಂತ್ರವು ಗಣಪತಿಯ ಕಟ್ಟಳೆಯನ್ನು ಚೆನ್ನಾಗಿ ಬಲ್ಲದು. ವ್ಯಾಸರ ಕಟ್ಟಳೆಯನ್ನು ಅರಿಯದು. ಮೊದಲು ಶೇಖರಿಸಿಟ್ಟ ಅಸಂಖ್ಯ ಧ್ವನಿಗಳ ಮತ್ತು ಬರಹಗಳ ಹೋಲಿಕೆಯಿಂದ, ಈ ಧ್ವನಿಗೆ ಯಾವ ಪದವು ಹೆಚ್ಚು ಸಂಭವನೀಯವೆಂದು ಅದು ಊಹಿಸುವುದು. ಊಹೆಯು ಬಹುಪಾಲು ಸರಿಯಾಗಿರುವುದರಿಂದಲೇ ತಪ್ಪಿದ ಕಡೆಯಲ್ಲಿ ನಾವು ಎಚ್ಚರದಪ್ಪುವ ಭಯವು ಹೆಚ್ಚು.

ಈ ಭಯವು ಕಲ್ಪಿತವಾದುದಲ್ಲ. ಅಮೆರಿಕದ ವೈದ್ಯರು ಹೇಳಿ ಬರೆಯಿಸಿದ 217 ಟಿಪ್ಪಣಿಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 2018ರಲ್ಲಿ ‘ಜಾಮಾ ನೆಟ್‌ವರ್ಕ್ ಓಪನ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಯಂತ್ರವು ಬರೆದ ಕರಡಿನಲ್ಲಿ ನೂರು ಪದಗಳಿಗೆ ಏಳಕ್ಕೂ ಹೆಚ್ಚು ತಪ್ಪುಗಳಿದ್ದುವು. ತರಬೇತಿ ಪಡೆದ ಲಿಪಿಕಾರರು ತಿದ್ದಿದ ಮೇಲೆ ಆ ಪ್ರಮಾಣವು 0.4ಕ್ಕೆ ಇಳಿಯಿತು, ವೈದ್ಯರು ಓದಿ ಸಹಿ ಮಾಡಿದ ಪ್ರತಿಯಲ್ಲಿ 0.3 ಆಗಿತ್ತು. ಎಂದರೆ ಆ ಬರಹವನ್ನು ನಂಬಿಕೆಗೆ ಅರ್ಹವಾಗಿ ಮಾಡಿದ್ದು ಮನುಷ್ಯನ ಕಿವಿ ಮತ್ತು ಕಣ್ಣು. ‘ವಿಸ್ಪರ್’ ಎಂಬ ಹೊಸ ತಲೆಮಾರಿನ ಸಾಫ್ಟ್‌ವೇರನ್ನು ಕುರಿತು 2024ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನವು ಇನ್ನೂ ವಿಚಿತ್ರವಾದುದನ್ನು ತೋರಿಸಿತು. ನೂರು ಧ್ವನಿತುಣುಕುಗಳಲ್ಲಿ ಸುಮಾರು ಒಂದರಲ್ಲಿ, ಯಾರೂ ಆಡದೆ ಇದ್ದ ಮಾತುಗಳನ್ನು ಯಂತ್ರವು ತಾನಾಗಿ ಸೇರಿಸಿ ಬರೆದಿದ್ದಿತು. ಮಾತಿನ ತೊಂದರೆಯಿಂದ ನಡುನಡುವೆ ಹೆಚ್ಚು ಹೊತ್ತು ಮೌನವಾಗಿರುವವರ ವಿಷಯದಲ್ಲಿ ಇದು ಅಧಿಕವಾಗಿ ಕಂಡುಬಂದಿತು. ನ್ಯಾಯಾಲಯದ ಕಟಕಟೆಯಲ್ಲಿ ಹೆದರಿ ನಿಂತ ಹಳ್ಳಿಯ ಮುದುಕಿಯು ಉತ್ತರಕ್ಕೆ ಮೊದಲು ತಡೆಯುವಳು, ಉಗುಳು ನುಂಗುವಳು. ಆ ಮೌನವನ್ನು ಯಂತ್ರವು ತನ್ನ ಮಾತಿನಿಂದ ತುಂಬಿದರೆ ಹೊಣೆ ಯಾರದು?

ಕನ್ನಡದ ವಿಷಯದಲ್ಲಿ ಎಚ್ಚರಿಕೆಯು ಇಮ್ಮಡಿಯಾಗಿರಬೇಕು. ನಮ್ಮ ನುಡಿಯಲ್ಲಿ ವಾಕ್ಯದ ತೀರ್ಮಾನವೆಲ್ಲ ಕೊನೆಯ ಅಕ್ಷರಗಳಲ್ಲಿ ಅಡಗಿರುವುದು. ‘ಬಂದನು’ ಎಂದರೆ ಬಂದದ್ದು ನಿಜವಾಯಿತು. ‘ಬಂದಾನು’ ಎಂದರೆ ಬರಬಹುದೆಂಬ ಊಹೆಯಷ್ಟೆ. ಇವೆರಡರ ನಡುವಣ ಅಂತರವು ಒಂದು ದೀರ್ಘ ಸ್ವರ. ‘ಕೊಟ್ಟಿದ್ದ’ ಎಂಬುದಕ್ಕೂ ‘ಕೊಟ್ಟಿದ್ದಿಲ್ಲ’ ಎಂಬುದಕ್ಕೂ ಇರುವ ವ್ಯತ್ಯಾಸವು ಉಸಿರೆಳೆದುಕೊಳ್ಳುವಷ್ಟರಲ್ಲಿ ಕಿವಿ ತಪ್ಪಬಲ್ಲದು. ಸಾಲದ ದಾವೆಯಲ್ಲಿ ಅಷ್ಟರಿಂದಲೇ ಒಬ್ಬನ ಮನೆ ಉಳಿದೀತು, ಇನ್ನೊಬ್ಬನ ಮನೆ ಹರಾಜಾದೀತು. ಧಾರವಾಡದವನ ‘ಹೊಂಟೇನಿ’, ಮೈಸೂರಿನವನ ‘ಹೊರಟಿದ್ದೀನಿ’ ಒಂದೇ ಅರ್ಥದವಾದರೂ ಧ್ವನಿಯಲ್ಲಿ ಬೇರೆ. ಪಹಣಿ, ಪೋಡಿ, ದರಖಾಸ್ತು, ಬಗರ್‌ಹುಕುಂ ಮೊದಲಾದ ಕಚೇರಿಯ ಮಾತುಗಳು ಯಂತ್ರವು ಓದಿದ ಪುಸ್ತಕಗಳಲ್ಲಿ ಎಷ್ಟು ಸಲ ಬಂದಿದ್ದಾವು? ನಮ್ಮ ಊರುಗಳ ಧ್ವನಿಯನ್ನು ಕೇಳಿ ಪಳಗದ ಯಂತ್ರವು ನಮ್ಮ ಸಾಕ್ಷ್ಯವನ್ನು ಬರೆಯಲು ಯೋಗ್ಯವಲ್ಲ.

ಹಾಗಾದರೆ ಯೋಗ್ಯತೆಯನ್ನು ಅಳೆಯುವ ಒರೆಗಲ್ಲು ಯಾವುದು? ಅದನ್ನು ಹೊಸದಾಗಿ ಹುಡುಕಬೇಕಾದ ಅಗತ್ಯವಿಲ್ಲ. ನಮ್ಮ ಕಾನೂನಿನಲ್ಲಿಯೇ ಅದು ಇರುವುದು. ಸಾಕ್ಷಿದಾರನ ಹೇಳಿಕೆಯನ್ನು ಬರೆದುಕೊಂಡ ಮೇಲೆ ಅದನ್ನು ಅವನಿಗೆ ಓದಿ ಹೇಳಬೇಕು, ತಪ್ಪಿದ್ದರೆ ತಿದ್ದಬೇಕು, ಬರಹದ ಭಾಷೆಯು ಅವನಿಗೆ ತಿಳಿಯದಿದ್ದರೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು ಎಂದು ದಂಡ ಪ್ರಕ್ರಿಯಾ ಸಂಹಿತೆಯು ವಿಧಿಸಿತ್ತು. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಅದನ್ನೇ ವಿಧಿಸುವುದು. ಆಡಿದವನು ಬರಹವನ್ನು ಕೇಳಿ ‘ಅಹುದು, ಇದು ನನ್ನ ಮಾತು’ ಎನ್ನಬೇಕೆಂಬುದೇ ಇದರ ತಾತ್ಪರ್ಯ. ಈ ಒಂದು ತತ್ತ್ವವನ್ನು ನ್ಯಾಯಾಲಯದ ಹೊರಗೂ, ವಕೀಲರ ಕಚೇರಿಗೂ ವೈದ್ಯರ ಕೊಠಡಿಗೂ, ಅನ್ವಯಿಸಿದರೆ ಉಕ್ತಲೇಖನದ ಯಂತ್ರವನ್ನು ಕುರಿತ ಎಲ್ಲ ಪ್ರಶ್ನೆಗಳಿಗೂ ದಾರಿ ದೊರೆಯುವುದೆಂದು ನಾವು ನಂಬುತ್ತೇವೆ.

ಗೋಪ್ಯತೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳೋಣ. ಕಕ್ಷಿಗಾರನು ತನ್ನ ವಕೀಲನಿಗೆ ನಂಬಿ ಹೇಳಿದ ಮಾತನ್ನು ವಕೀಲನು ಹೊರಗೆಡಹಕೂಡದೆಂದು 1872ರ ಸಾಕ್ಷ್ಯ ಅಧಿನಿಯಮವು ಸಾರಿತ್ತು. ದುಭಾಷಿಗಳನ್ನೂ, ವಕೀಲನ ಗುಮಾಸ್ತರನ್ನೂ, ಸೇವಕರನ್ನೂ ಅದೇ ಕಟ್ಟಿಗೆ ಒಳಪಡಿಸಿತ್ತು. ಅದರ ಬದಲು ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಈ ಕಟ್ಟನ್ನು ಉಳಿಸಿಕೊಂಡಿರುವುದು. ಗುಮಾಸ್ತನು ಕಣ್ಣೆದುರಿಗೆ ಕುಳಿತಿದ್ದಾಗ ಈ ಕಟ್ಟು ಅರ್ಥವತ್ತಾಗಿತ್ತು. ಆದರೆ ಧ್ವನಿಯು ಯಾವ ದೇಶದ ಯಾವ ಸರ್ವರಿನಲ್ಲಿ ನಿಲ್ಲುವುದು, ಯಾರು ಅದನ್ನು ಕೇಳುವರು, ಅದರಿಂದ ಯಂತ್ರಕ್ಕೆ ಪಾಠ ಹೇಳಲಾಗುವುದೇ, ಎಷ್ಟು ವರ್ಷ ಅದು ಉಳಿಯುವುದು ಎಂಬುದನ್ನು ಕಚೇರಿಯ ಯಜಮಾನನೇ ಅರಿಯದಿದ್ದರೆ, ಕಕ್ಷಿಗಾರನಿಗೆ ಅವನು ಕೊಟ್ಟ ಭಾಷೆಯ ಗತಿಯೇನು? 2003ರಲ್ಲಿ ಕ್ಯಾಲಿಫೋರ್ನಿಯಾದ ವೈದ್ಯಕೀಯ ಕೇಂದ್ರವೊಂದಕ್ಕೆ ಇಂತಹ ಆಘಾತವೇ ಒದಗಿತು. ಅಲ್ಲಿನ ವೈದ್ಯರ ಉಕ್ತಲೇಖನವು ಒಬ್ಬ ಗುತ್ತಿಗೆದಾರನಿಂದ ಇನ್ನೊಬ್ಬನಿಗೆ ದಾಟುತ್ತಾ ಕರಾಚಿಯವರೆಗೆ ಹೋಗಿತ್ತು. ಕೂಲಿ ದೊರೆಯದ ಅಲ್ಲಿನ ಲಿಪಿಕಾರಳು ರೋಗಿಗಳ ದಾಖಲೆಗಳನ್ನು ಬಯಲು ಮಾಡುವೆನೆಂದು ಬೆದರಿಸಿದಾಗಲೇ ಅವು ಅಷ್ಟು ದೂರ ಹೋಗಿದ್ದುವೆಂಬುದು ಆಸ್ಪತ್ರೆಗೆ ತಿಳಿದದ್ದು. ನಮ್ಮಲ್ಲಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಅಧಿನಿಯಮವು ಅಂಗೀಕೃತವಾಗಿ, 2025ರ ನವೆಂಬರಿನಲ್ಲಿ ಅದರ ನಿಯಮಗಳು ಪ್ರಕಟವಾದುವು. ಆಡಿದ ಮಾತು ಆಡಿದವನದು ಎಂಬ ಭಾವನೆಯು ಕಚೇರಿಗಳಲ್ಲಿ ನೆಲೆಗೊಳ್ಳದಿದ್ದರೆ ಆ ಕಾಗದಗಳಿಂದ ಪ್ರಯೋಜನವು ಅಲ್ಪ.

ಇನ್ನು ಭಾಷೆಯ ಪ್ರಶ್ನೆ. ಬೆಂಗಳೂರಿಗೆ ಈ ಉದ್ಯೋಗವು ಅಪರಿಚಿತವಲ್ಲ. 1990ರ ದಶಕದಿಂದ ನಮ್ಮ ತರುಣ ತರುಣಿಯರು ಅಮೆರಿಕದ ವೈದ್ಯರ ಧ್ವನಿಯನ್ನು ಕೇಳಿ ಬೆರಳಚ್ಚು ಮಾಡುವ ಕೆಲಸಕ್ಕೆ ಸೇರಿದರು. ಅಲ್ಲಿ ರಾತ್ರಿಯಾದಾಗ ಇಲ್ಲಿ ಹಗಲಾಗುವುದರಿಂದ, ವೈದ್ಯನು ಸಂಜೆ ಹೇಳಿದ್ದು ಬೆಳಗಾಗುವುದರೊಳಗೆ ಬರಹವಾಗಿ ಅವನ ಮೇಜನ್ನು ಸೇರುತ್ತಿತ್ತು. ಸಾವಿರಾರು ಮೈಲಿ ದೂರದ ನುಡಿಯ ಏರಿಳಿತಗಳನ್ನು ನಮ್ಮ ಮಕ್ಕಳು ಅಷ್ಟು ನಿಷ್ಠೆಯಿಂದ ಕಲಿತರು. ಅದೇ ನಗರದ ಆಸ್ಪತ್ರೆಯಲ್ಲಿ ಕೋಲಾರದ ರೈತನೊಬ್ಬನು ‘ಎದೆ ಹಿಂಡಿದ ಹಾಗಾಗುತ್ತದೆ, ಕೈ ಜೋಮು ಹಿಡಿಯುತ್ತದೆ’ ಎಂದು ಕನ್ನಡದಲ್ಲಿ ಹೇಳಿದರೆ, ಅವನ ಹೆಸರಿನ ಕಡತದಲ್ಲಿ ಬರೆದಿರುವುದೆಲ್ಲ ಇಂಗ್ಲಿಷ್. ತನ್ನ ನೋವಿನ ವಿಷಯವಾಗಿ ಏನು ಬರೆದಿದೆಯೆಂಬುದನ್ನು ಓದಿ ‘ಇದು ನನ್ನ ಮಾತು’ ಎನ್ನುವ ಅವಕಾಶವೇ ಅವನಿಗಿಲ್ಲ. ಕರ್ನಾಟಕದ ಅಧೀನ ನ್ಯಾಯಾಲಯಗಳ ಭಾಷೆಯು ಕನ್ನಡವೆಂದು ಸರ್ಕಾರವು ಎಂದೋ ಸಾರಿರುವುದು. ಆದರೂ ಇಂಗ್ಲಿಷಿನಲ್ಲಿ ಮಾತ್ರ ಚೆನ್ನಾಗಿ ಕೇಳುವ ಯಂತ್ರವನ್ನು ಕಚೇರಿಗೆ ತಂದರೆ, ಕನ್ನಡದಲ್ಲಿ ವಾದಪತ್ರವನ್ನು ಹೇಳಿ ಬರೆಯಿಸುತ್ತಿದ್ದ ವಕೀಲನೂ ಸುಲಭವನ್ನು ಬಯಸಿ ಇಂಗ್ಲಿಷಿಗೆ ತಿರುಗುವನು. ಅವನನ್ನು ದೂಷಿಸಿ ಫಲವೇನು? ಉಪಕರಣವು ಯಾವ ಭಾಷೆಯದೋ ಕಚೇರಿಯೂ ಕಾಲಕ್ರಮದಲ್ಲಿ ಅದೇ ಭಾಷೆಯದಾಗುವುದು.

ಈ ಪಾಠವನ್ನು ನಾವು ಹಿಂದೆಯೇ ಕಲಿತಿರಬೇಕಾಗಿತ್ತು. ಟೈಪ್‌ರೈಟರು ನಮ್ಮ ಕಚೇರಿಗಳಿಗೆ ಬಂದದ್ದು ಇಂಗ್ಲಿಷ್ ಅಕ್ಷರಗಳೊಡನೆ. ಅನಂತಸುಬ್ಬರಾಯರಂತಹವರು ಶ್ರಮಪಟ್ಟು ಕನ್ನಡದ ಕೀಲಿಮಣೆಯನ್ನು ರೂಪಿಸುವಷ್ಟರಲ್ಲಿ ಆಡಳಿತದ ಅಭ್ಯಾಸವು ಗಟ್ಟಿಯಾಗಿ ಹೋಗಿತ್ತು. ಗಣಕಯಂತ್ರದ ಕಾಲದಲ್ಲಿಯೂ ಹಾಗೆಯೇ ಆಯಿತು. ಯೂನಿಕೋಡ್ ಎಂಬ ಜಾಗತಿಕ ಅಕ್ಷರಸಂಕೇತದಲ್ಲಿ ಕನ್ನಡ ಲಿಪಿಗೆ 1991ರಲ್ಲಿಯೇ ಸ್ಥಾನವು ದೊರೆತಿತ್ತು. ಆದರೂ ನಮ್ಮ ಕಚೇರಿಗಳು ಬಹುಕಾಲ ಒಂದಕ್ಕೊಂದು ಹೊಂದದ ಅಕ್ಷರವಿನ್ಯಾಸಗಳಲ್ಲಿ ಬರೆದು, ಒಂದು ಯಂತ್ರದ ಪತ್ರವು ಇನ್ನೊಂದರಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುವಂತೆ ಮಾಡಿದುವು. ಈಗ ಮೂರನೆಯ ಅವಕಾಶವು ಬಂದಿರುವುದು. ಬರೆಯುವುದಕ್ಕೆ ಕೀಲಿಮಣೆಯೇ ಬೇಡವೆನ್ನುವ ಈ ಯಂತ್ರವು, ಟೈಪಿಂಗ್ ಬಾರದ ಕಾರಣದಿಂದ ಕನ್ನಡವನ್ನು ಬಿಟ್ಟವರಿಗೆಲ್ಲ ಕನ್ನಡವನ್ನು ಮರಳಿಸಬಲ್ಲದು.

ಕನ್ನಡಕ್ಕೆ ಇನ್ನೂ ಆ ಪಕ್ವತೆ ಬಂದಿಲ್ಲವೆಂದು ಆಕ್ಷೇಪಿಸುವವರು ಉಂಟು. ಇಂಗ್ಲಿಷಿನ ಯಂತ್ರವೂ ಹುಟ್ಟಿನಿಂದ ಪಕ್ವವಾಗಿರಲಿಲ್ಲ. 16 ಪದಗಳಿಂದ ಅದು ಹೊರಟಿತು. ಕೆಲಸಕ್ಕೆ ತಳಹದಿಯು ನಮ್ಮ ನೆಲದಲ್ಲಿಯೇ ಬಿದ್ದಿರುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ‘ವಾಣಿ’ ಎಂಬ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಗಳ ಜನರ ಸಹಜವಾದ ಮಾತನ್ನು ಸಂಗ್ರಹಿಸುತ್ತಿರುವುದು. ಅದರ ‘ರೆಸ್ಪಿನ್’ ಯೋಜನೆಯು ಕನ್ನಡವೂ ಸೇರಿ ಒಂಬತ್ತು ಭಾಷೆಗಳ ಪ್ರಾದೇಶಿಕ ಭೇದಗಳನ್ನು ಉದ್ದೇಶಿಸಿ ನಡೆದದ್ದು. ಮದರಾಸಿನ ಐಐಟಿಯ ‘ಎಐ4ಭಾರತ್’ ತಂಡವು 22 ಭಾಷೆಗಳ ಧ್ವನಿಭಂಡಾರವನ್ನು ಕಟ್ಟಿ ಸಾರ್ವಜನಿಕರಿಗೆ ತೆರೆದಿಟ್ಟಿದೆ. ಭಾರತ ಸರ್ಕಾರವು 2022ರಲ್ಲಿ ‘ಭಾಷಿಣಿ’ ಎಂಬ ವ್ಯವಸ್ಥೆಯನ್ನು ಆರಂಭಿಸಿತು. ನೆರೆಯ ಕೇರಳದ ಉಚ್ಚ ನ್ಯಾಯಾಲಯವು 2025ರ ನವೆಂಬರ್ 1ರಿಂದ ವಿಚಾರಣಾ ನ್ಯಾಯಾಲಯಗಳಲ್ಲಿ ಸಾಕ್ಷ್ಯವನ್ನು ‘ಅದಾಲತ್ ಎಐ’ ಎಂಬ ಉಕ್ತಲೇಖನ ವ್ಯವಸ್ಥೆಯ ಮೂಲಕ ದಾಖಲಿಸಬೇಕೆಂದು ಆದೇಶಿಸಿತು. ಆ ದಿನವು ನಮ್ಮ ರಾಜ್ಯೋತ್ಸವದ ದಿನವೂ ಅಹುದೆಂಬುದನ್ನು ನಾವು ನೆನಪಿಸದೆ ಇರಲಾರೆವು. ನೆರೆಯವರು ಹೆಜ್ಜೆಯಿಟ್ಟ ದಿನದಂದು ನಾವು ಬಾವುಟವನ್ನು ಹಾರಿಸಿದ್ದರಷ್ಟಕ್ಕೇ ತೃಪ್ತರಾಗಬಹುದೇ? 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಯಿಸಿದವರು 4 ಕೋಟಿ 37 ಲಕ್ಷ. ಇಷ್ಟು ಜನರ ನುಡಿಯನ್ನು ಕೇಳಬಲ್ಲ ಯಂತ್ರಕ್ಕೆ ಕೊಳ್ಳುವವರಿಲ್ಲವೆಂದು ಯಾವ ವ್ಯಾಪಾರಿಯೂ ಹೇಳಲಾರನು. ಕೊಳ್ಳುವವರು ಕೇಳಬೇಕು, ಅಷ್ಟೆ.

ಬೆರಳಚ್ಚುಗಾರರ ಮತ್ತು ಶೀಘ್ರಲಿಪಿಕಾರರ ಜೀವನೋಪಾಯದ ವಿಷಯವನ್ನು ಮರೆತರೆ ಅನ್ಯಾಯವಾದೀತು. ಈ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ ಕುಟುಂಬವನ್ನು ಸಾಕುತ್ತಿರುವವರು ನಮ್ಮ ತಾಲೂಕು ಊರುಗಳಲ್ಲಿಯೂ ಅನೇಕರು. ಅವರನ್ನು ಕಳುಹಿಸಿ ಯಂತ್ರವನ್ನು ಕೂರಿಸುವುದು ಉಳಿತಾಯವೆಂದು ತಿಳಿಯುವ ಯಜಮಾನರು ಮೇಲೆ ಹೇಳಿದ ಏಳರ ಮತ್ತು 0.4ರ ಲೆಕ್ಕವನ್ನು ಇನ್ನೊಮ್ಮೆ ನೋಡಬೇಕು. ಅನುಭವಿ ಗುಮಾಸ್ತನು ಯಜಮಾನನ ಬಾಯಿಂದ ತಪ್ಪಿ ಬಂದ ಸರ್ವೆ ನಂಬರನ್ನೂ ತಾರೀಖನ್ನೂ ಹಿಡಿದು ‘ಇದು ಹೀಗಿರಬೇಕಲ್ಲವೇ, ಸ್ವಾಮಿ?’ ಎಂದು ಕೇಳುತ್ತಿದ್ದನು. ಆ ಪ್ರಶ್ನೆಯನ್ನು ಕೇಳುವ ಅಧಿಕಾರ ಅವನಿಗೆ ಉಳಿಯಲಿ. ಬೆರಳಿನ ಕೆಲಸವು ಯಂತ್ರಕ್ಕೆ ಹೋಗಿ, ಪರಿಶೋಧಕನ ಸ್ಥಾನವೂ ಅದಕ್ಕೆ ತಕ್ಕ ವೇತನವೂ ಗುಮಾಸ್ತನಿಗೆ ದೊರೆಯತಕ್ಕದ್ದು.

ಮಾಡತಕ್ಕ ಕೆಲಸವನ್ನು ಸಂಗ್ರಹವಾಗಿ ಹೇಳುವುದಾದರೆ: ಸರ್ಕಾರವಾಗಲಿ, ನ್ಯಾಯಾಲಯವಾಗಲಿ, ಖಾಸಗಿ ಸಂಸ್ಥೆಯಾಗಲಿ ಇಂತಹ ವ್ಯವಸ್ಥೆಯನ್ನು ಕೊಳ್ಳುವಾಗ, ಬೀದರಿನಿಂದ ಚಾಮರಾಜನಗರದವರೆಗಿನ ಕನ್ನಡದ ಧ್ವನಿಗಳ ಮೇಲೆ ಅದನ್ನು ಪರೀಕ್ಷಿಸಿ ಫಲಿತಾಂಶವನ್ನು ಬಹಿರಂಗಪಡಿಸಬೇಕೆಂದು ಟೆಂಡರಿನಲ್ಲಿಯೇ ಷರತ್ತು ಹಾಕಲಿ. ಧ್ವನಿಯು ಎಲ್ಲಿ ನಿಲ್ಲುವುದು, ಯಾವಾಗ ಅಳಿಯುವುದು ಎಂಬುದನ್ನು ಒಪ್ಪಂದದಲ್ಲಿ ಬರೆಯಿಸಿಕೊಳ್ಳಲಿ. ಮೂಲ ಧ್ವನಿಯನ್ನು ಬರಹವು ಅಂತಿಮವಾಗುವವರೆಗೆ ಕಾದಿಡಲಿ. ಹೇಳಿ ಬರೆಯಿಸಿದವನು ಓದಿ ಸಹಿ ಮಾಡದೆ ಯಾವ ಕರಡೂ ಕಡತವನ್ನು ಸೇರದಿರಲಿ. ಯಾರ ವಿಷಯವಾಗಿ ಬರೆಯಲಾಯಿತೋ ಅವನು ಕೇಳಿದರೆ ಅವನ ಕನ್ನಡದಲ್ಲಿಯೇ ಅದನ್ನು ಓದಿ ಹೇಳುವ ಏರ್ಪಾಡಿರಲಿ.

ಇವು ದುಬಾರಿಯ ಬೇಡಿಕೆಗಳಲ್ಲ. ಒಳ್ಳೆಯ ಗುಮಾಸ್ತನಿಂದ ನಾವು ಎಂದಿನಿಂದಲೂ ಬಯಸಿದವುಗಳೇ. ಗುಟ್ಟನ್ನು ಕಾಯುವವನು, ತಿಳಿಯದಿದ್ದರೆ ಕೇಳುವವನು, ಮಾಲೀಕನ ಭಾಷೆಯನ್ನು ಬಲ್ಲವನು ಗುಮಾಸ್ತನಾಗಿರಲಿ ಎಂದು ನಮ್ಮ ಹಿರಿಯರು ನೋಡಿ ಆರಿಸುತ್ತಿದ್ದರು. ಹೊಸ ಗುಮಾಸ್ತನನ್ನೂ ಹಾಗೆಯೇ ಆರಿಸೋಣ. ಆರಿಸುವ ಅಧಿಕಾರವು ಇಂದು ನಮ್ಮ ಅಧಿಕಾರಿಗಳ, ವಕೀಲರ, ವೈದ್ಯರ ಕೈಯಲ್ಲಿರುವುದು. ಒಪ್ಪಂದಗಳಿಗೆ ಸಹಿ ಬಿದ್ದು ಅಭ್ಯಾಸವು ಬಲಿತ ಮೇಲೆ ಅದು ಇಷ್ಟು ಸುಲಭವಾಗಿ ಕೈಗೆ ಸಿಕ್ಕದು.